ಮಳೆ ಹಿಡಿಯುವ ಮೊದಲೇ ಮರಿಗೆ ಜಾಗ ತೋರಿಸಿ

ನಮ್ಮ ಕಡೆ ನಾಯಿಮರಿಗಳು ಮನೆಗೆ ಬರುವುದು ಹೆಚ್ಚಾಗಿ ಮೇ ತಿಂಗಳಲ್ಲಿ. ಮಕ್ಕಳಿಗೆ ರಜೆ, ಅಂಗಳ ಒಣಗಿರುತ್ತದೆ, ಮರಿ ದಿನವಿಡೀ ಹೊರಗೇ ಬಿದ್ದುಕೊಂಡಿರುತ್ತದೆ. ‘ನಮ್ಮದು ಭಾರಿ ಬುದ್ಧಿವಂತ, ಒಳಗೆ ಒಂದು ಹನಿ ಹಾಕುವುದಿಲ್ಲ’ ಎಂದು ಮನೆಯವರು ಹೇಳಿಕೊಂಡು ತಿರುಗುತ್ತಾರೆ. ಜೂನ್ ಬಂತು, ಶಾಲೆಯೂ ಶುರು, ಮಳೆಯೂ ಶುರು. ಎರಡನೇ ವಾರಕ್ಕೆ ನನಗೆ ಫೋನು: ‘ಮಾರಾಯರೇ, ಇದು ಹಠ ಹಿಡಿದು ಚಾವಡಿಯಲ್ಲೇ ಉಚ್ಚೆ ಹೊಯ್ಯುತ್ತಿದೆ.’

ಅದಕ್ಕೆ ಹಠವೆಂದರೆ ಏನೆಂದೇ ಗೊತ್ತಿಲ್ಲ. ಇಡೀ ದಿನ ಹೊರಗಿದ್ದುದರಿಂದ ಹೊರಗೆ ಹೊಯ್ಯುತ್ತಿತ್ತು, ಈಗ ಒಳಗಿರುವುದರಿಂದ ಒಳಗೆ ಹೊಯ್ಯುತ್ತಿದೆ. ಯಾರೂ ಏನೂ ಕಲಿಸಿಯೇ ಇರಲಿಲ್ಲ. ಉಡುಪಿ ಬಳಿಯ ನಮ್ಮ ಮನೆಯಲ್ಲಿ ನಾಲ್ಕು ಮರಿಗಳನ್ನು ಬೆಳೆಸಿದ್ದೇನೆ, ಮೊದಲನೆಯದರಲ್ಲಿ ಇದೇ ತಪ್ಪು ಮಾಡಿದ್ದೆ. ಆದ್ದರಿಂದ ಮರಿ ಬಂದ ಮೊದಲ ದಿನದಿಂದಲೇ ಆರಂಭಿಸೋಣ.

ಮೊದಲು ಹೊತ್ತು. ಎರಡು ತಿಂಗಳ ಮರಿ ಎಚ್ಚರವಿದ್ದಾಗ ಎರಡು ಗಂಟೆಗಿಂತ ಹೆಚ್ಚು ತಡೆದುಕೊಳ್ಳಲಾರದು. ನಿದ್ದೆಯಿಂದ ಎದ್ದ ಕೂಡಲೇ, ಉಂಡು ಕಾಲು ಗಂಟೆಯೊಳಗೆ, ಆಟ ಮುಗಿದ ಮೇಲೆ ಹೊರಗೆ ಒಯ್ಯಬೇಕು. ಈ ಮೂರನ್ನು ತಪ್ಪಿಸದಿದ್ದರೆ ಅರ್ಧ ಕೆಲಸ ಮುಗಿದಂತೆ. ಆಡುತ್ತಿದ್ದದ್ದು ತಟ್ಟನೆ ಬಿಟ್ಟು, ಮೂಗು ನೆಲಕ್ಕಿಟ್ಟು ಸುತ್ತು ಹಾಕಿತೋ, ಎತ್ತಿಕೊಂಡು ಓಡಿ. ಗಂಡು ಮರಿಯೂ ಕುಳಿತೇ ಹೊಯ್ಯುತ್ತದೆ, ಕಾಲೆತ್ತುವುದು ದೊಡ್ಡದಾದ ಮೇಲೆ. ಅದನ್ನು ಕಂಡು ಗಾಬರಿಯಾಗಿ ವೈದ್ಯರಲ್ಲಿಗೆ ಹೋದವರಿದ್ದಾರೆ.

ಆಮೇಲೆ ಜಾಗ. ಒಂದೇ ಜಾಗ, ಒಂದೇ ಬಾಗಿಲು, ಒಂದೇ ಮಾತು. ನಾವು ‘ಬೇಗ ಬೇಗ’ ಎನ್ನುತ್ತೇವೆ. ನೀವು ಏನಾದರೂ ಅನ್ನಿ, ಮನೆಯವರೆಲ್ಲ ಅದನ್ನೇ ಅನ್ನಬೇಕು. ಲಸಿಕೆಗಳು ಮುಗಿಯುವವರೆಗೆ, ಅಂದರೆ ಸುಮಾರು ನಾಲ್ಕು ತಿಂಗಳಾಗುವವರೆಗೆ, ಬೀದಿನಾಯಿಗಳು ತಿರುಗುವ ರಸ್ತೆಬದಿ ಬೇಡವೇ ಬೇಡ. ಮರಿಗಳಿಗೆ ಮಾರಕ ವಾಂತಿಭೇದಿ ತರುವ ಪಾರ್ವೋ ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ.

ಹೊರಗೆ ಬಿಟ್ಟು ಬಾಗಿಲು ಹಾಕಿಕೊಳ್ಳುವುದು ಕಲಿಸುವುದಲ್ಲ. ನೀವೂ ಜೊತೆಗಿರಬೇಕು. ಮರಿ ಮುಗಿಸಿದ ಆ ಕ್ಷಣವೇ, ಅದೇ ಜಾಗದಲ್ಲಿ, ಬಾಯಿಗೊಂದು ತುಣುಕು ಬೀಳಬೇಕು. ಒಳಗೆ ಬಂದ ಮೇಲೆ ಕೊಟ್ಟರೆ ಒಳಗೆ ಬಂದದ್ದಕ್ಕೆ ಸಿಕ್ಕಿತು ಎಂದುಕೊಳ್ಳುತ್ತದೆ. ಅಂಗಡಿಯ ಬಣ್ಣಬಣ್ಣದ ಬಿಸ್ಕತ್ತಿಗಿಂತ ಉಪ್ಪು ಹಾಕದೆ ಬೇಯಿಸಿ ಮುಳ್ಳು ಬಿಡಿಸಿದ ಬೂತಾಯಿ ಮೀನಿನ ಚೂರು ನೂರು ಪಾಲು ಮೇಲು. ಕಿಸೆಯ ವಾಸನೆಯನ್ನು ಒಂದೆರಡು ತಿಂಗಳು ಸಹಿಸಿಕೊಳ್ಳಬೇಕು, ಅಷ್ಟೆ.

ಇನ್ನು ಮಳೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೇ ಸುರಿಯುವ ಊರು ನಮ್ಮದು. ಎಲ್ಲರೂ ಎಡವುವುದು ಇಲ್ಲಿಯೇ. ಒಮ್ಮೆ ಬೆಳಿಗ್ಗೆ ಐದೂವರೆಗೆ ಜಗಲಿಯ ಅಂಚಿನಲ್ಲಿ ನಿಂತು ನೋಡಿ. ಮರಿ ಬಾಗಿಲವರೆಗೆ ಬರುತ್ತದೆ. ಹಂಚಿನ ಮಾಡಿನಿಂದ ನೀರು ಹಗ್ಗದ ಹಾಗೆ ಇಳಿಯುತ್ತಿರುತ್ತದೆ. ಒಂದು ಕಾಲು ಮುಂದಿಟ್ಟು, ಒದ್ದೆಯಾದದ್ದೇ ಹಿಂದಕ್ಕೆಳೆದು, ಕೊಡಹಿ, ನಿಮ್ಮ ಮುಖ ನೋಡುತ್ತದೆ. ಮತ್ತೆ ತಿರುಗಿ, ಕಾಲೊರೆಸಲು ಬಾಗಿಲಲ್ಲಿ ಹಾಸಿದ ಗೋಣಿಚೀಲದ ಮೇಲೆ ನಿಶ್ಚಿಂತೆಯಿಂದ ಕುಳಿತುಬಿಡುತ್ತದೆ. ಗೋಣಿಯೇ ಯಾಕೆಂದರೆ ಅದು ಹುಲ್ಲಿನಂತೆ ಮೆತ್ತಗೆ, ನೀರು ಹೀರುತ್ತದೆ, ಕಾಲಿಗೆ ಎರಚುವುದಿಲ್ಲ. ಅದೂ ಅಲ್ಲದೆ, ಮರಿ ತನ್ನ ಜಾಗವನ್ನು ಗುರುತಿಸುವುದು ಹಿಂದಿನ ಸಲದ ವಾಸನೆಯಿಂದ. ಅಂಗಳದ ವಾಸನೆಯನ್ನು ರಾತ್ರಿಯ ಮಳೆ ತೊಳೆದುಕೊಂಡು ಹೋಗಿರುತ್ತದೆ, ಗೋಣಿಯಲ್ಲಿ ಮಾತ್ರ ಉಳಿದಿರುತ್ತದೆ.

ಹಾಗಾಗಿ ಮಳೆಗಾಲದ ಜಾಗವನ್ನು ಮೇ ತಿಂಗಳಲ್ಲಿಯೇ ಸಿದ್ಧಮಾಡಿ: ಕಾರಿನ ಶೆಡ್ಡಿನ ಮೂಲೆ, ಕಟ್ಟಿಗೆ ಕೊಟ್ಟಿಗೆಯ ಬದಿ, ಮಾಡು ಇರುವ ಎಲ್ಲಿಯಾದರೂ ಆಯಿತು. ಮೂರಡಿ ಉದ್ದ, ಎರಡಡಿ ಅಗಲದ ತಗ್ಗಿನ ತಟ್ಟೆಯೋ ಅಂಚು ಕತ್ತರಿಸಿದ ಹಳೆಯ ಟಬ್ಬೋ ಇಟ್ಟು, ತೋಟದಿಂದ ಹುಲ್ಲುಸಮೇತ ಕೆತ್ತಿ ತಂದ ಮಣ್ಣನ್ನು ತುಂಬಿ. ಹೊಯಿಗೆ (ಮರಳು) ಬೇಡ, ಅದರ ಬೆಲೆ ನಿಮಗೇ ಗೊತ್ತು, ಮೇಲಾಗಿ ಕೇರಿಯ ಬೆಕ್ಕುಗಳೆಲ್ಲ ಬಂದು ಪಾಲು ಕೇಳುತ್ತವೆ. ಮರಿ ಒಳಗೆ ಹೊಯ್ದದ್ದನ್ನು ಒರೆಸಿದ ಬಟ್ಟೆಯ ತುಂಡೊಂದನ್ನು ಹುಲ್ಲಿನಡಿ ಸಿಕ್ಕಿಸಿದರೆ ವಾಸನೆಯೇ ದಾರಿ ತೋರಿಸುತ್ತದೆ. ಬಿಸಿಲಿರುವಾಗಲೇ ದಿನಕ್ಕೆ ಎರಡು ಸಲ ಅಲ್ಲಿಗೂ ಒಯ್ಯಿರಿ. ಮಲವನ್ನು ದಿನವೂ ತೆಗೆಯಿರಿ, ಮಣ್ಣನ್ನು ವಾರಕ್ಕೊಮ್ಮೆ ಬದಲಿಸಿ. ಕದ್ರಿ, ಮಣಿಪಾಲದ ಫ್ಲ್ಯಾಟಿನವರಿಗೆ ಬಾಲ್ಕನಿಯಲ್ಲೂ ಇದೇ ತಟ್ಟೆ.

ಮಳೆ ಸ್ವಲ್ಪ ಹೊಳವಾದರೆ ಅಂಗಳಕ್ಕೇ ಒಯ್ಯಿರಿ. ಕೊಡೆಯನ್ನು ಮೊದಲೇ ಬಿಡಿಸಿಕೊಂಡು ಮರಿಯನ್ನು ಕರೆಯಿರಿ, ಮೂಗಿನ ಮುಂದೆ ಫಟ್ಟೆಂದು ಬಿಡಿಸಿದರೆ ಕೊಡೆ ಕಂಡಾಗಲೆಲ್ಲ ಸೋಫಾದಡಿ ಹೊಕ್ಕುತ್ತದೆ. ಬೇಸಗೆಯಲ್ಲಿ ಮರಿ ಮುಗಿಸಿದ ತಕ್ಷಣ ಒಳಗೆ ತರಬಾರದು, ಆಟ ಮುಗಿದುಹೋಗುತ್ತದೆಂದು ತಡೆದಿಟ್ಟುಕೊಳ್ಳುವುದನ್ನು ಕಲಿಯುತ್ತದೆ. ಮಳೆಯಲ್ಲಿ ಇದು ತಿರುಗುಮುರುಗು: ಬೇಗ ಮುಗಿಸಿದರೆ ಬೇಗ ಒಳಗೆ, ಒಣ ಬೈರಾಸು, ಬೆಚ್ಚಗೆ ಉಜ್ಜುವುದು. ಆಟಿಯ, ಅಂದರೆ ಜುಲೈ–ಆಗಸ್ಟಿನ, ಮಳೆಯಲ್ಲಿ ಇದಕ್ಕಿಂತ ದೊಡ್ಡ ಬಹುಮಾನ ಅದಕ್ಕಿಲ್ಲ. ನೀರು ನಿಂತ ಕಡೆ ಬಿಡಬೇಡಿ, ಇಲಿಜ್ವರ ನಾಯಿಗೂ ಬರುತ್ತದೆ. ಕತ್ತಲಲ್ಲಿ ಟಾರ್ಚ್ ಇರಲಿ, ನೆಲಗಪ್ಪೆಗೆ ಬಾಯಿ ಹಾಕಿದರೆ ನೊರೆ ಸುರಿಸುತ್ತಾ ನಿಲ್ಲುತ್ತದೆ.

ಈ ಪತ್ರಿಕೆಯಲ್ಲಿ ಬರೆಯುತ್ತಿದ್ದರೂ ಹೇಳಲೇಬೇಕು: ನೆಲಕ್ಕೆ ಪತ್ರಿಕೆ ಹಾಸಿ ಕಲಿಸಬೇಡಿ. ಕಲಿಯುವುದೇನೋ ಬೇಗ ಕಲಿಯುತ್ತದೆ. ಆಮೇಲೆ ಅಜ್ಜ ಆರಾಮಕುರ್ಚಿಯ ಪಕ್ಕ ಇಟ್ಟ ಭಾನುವಾರದ ಪುರವಣಿಗೂ ಅದೇ ಗತಿ. ಸಾವಿರಾರು ರೂಪಾಯಿಯ ಹೀರುವ ಪ್ಯಾಡುಗಳೂ ಅಷ್ಟೆ. ಪ್ಯಾಡಿಗೂ ಕಾಲೊರೆಸುವ ಚಾಪೆಗೂ ಮರಿಗೇನು ವ್ಯತ್ಯಾಸ? ನಾಯಿ ಹೊಯ್ಯದಿರಲೆಂದು ಗೇಟಿಗೆ ಕಟ್ಟುವ ನೀಲಿ ನೀರಿನ ಬಾಟಲಿಯ ಬುಡಕ್ಕೇ ನಮ್ಮ ಎರಡನೆಯ ನಾಯಿ ಕಾಲೆತ್ತುತ್ತಿತ್ತು. ಮೂಲೆಗಳಲ್ಲಿ ನುಸಿಗುಳಿಗೆ (ನ್ಯಾಫ್ತಲೀನ್ ಗುಳಿಗೆ) ಇಡುವ ಉಪಾಯವಂತೂ ಅಪಾಯ, ಅದು ನಾಯಿಗೆ ವಿಷ.

ಒಳಗೆ ಹೊಯ್ದಾಗ ಮೂಗು ತಿಕ್ಕುವ ಹಳೆಯ ವಿದ್ಯೆಯನ್ನು ಬಿಟ್ಟುಬಿಡಿ. ನಮ್ಮ ಅಮ್ಮ ಮೊದಲ ಮರಿಗೆ ಹಾಗೆ ಮಾಡಿದ್ದರು. ಅದು ಹೊಯ್ಯುವುದನ್ನು ನಿಲ್ಲಿಸಲಿಲ್ಲ, ನಮ್ಮೆದುರು ಹೊಯ್ಯುವುದನ್ನು ಮಾತ್ರ ನಿಲ್ಲಿಸಿತು. ಮೂರು ವಾರ ಕಳೆದ ಮೇಲೆ ಕಪಾಟು ಸರಿಸಿದಾಗ ನಮಗದು ತಿಳಿಯಿತು. ಹೊಯ್ಯುತ್ತಿರುವಾಗಲೇ ಕಂಡರೆ ಮೆಲ್ಲಗೆ ಎತ್ತಿ ಹೊರಗೆ ಒಯ್ಯಿರಿ. ಆಗಿಹೋಗಿದ್ದರೆ ಬಾಯಿ ಮುಚ್ಚಿಕೊಂಡು ಒರೆಸಿ.

ಒರೆಸುವುದರಲ್ಲೂ ಕ್ರಮವಿದೆ. ಒದ್ದೆ ಬಟ್ಟೆಯಿಂದ ಎಳೆದರೆ ಒಂದು ಅಡಿಯಲ್ಲಿದ್ದದ್ದು ನಾಲ್ಕು ಅಡಿಗೆ ಹರಡುತ್ತದೆ. ಮೊದಲು ಒಣ ಬಟ್ಟೆಯನ್ನು ಒತ್ತಿ ಹೀರಿಸಿ, ಮತ್ತೆ ಸಾಬೂನು ನೀರು, ಕೊನೆಗೆ ಸಾಕುಪ್ರಾಣಿಗಳ ಅಂಗಡಿಯಲ್ಲಿ ಸಿಗುವ, ವಾಸನೆಯ ಮೂಲವನ್ನೇ ಕರಗಿಸುವ ಕಿಣ್ವದ (ಎನ್‌ಜೈಮ್) ದ್ರಾವಣ. ದುಡ್ಡು ಕೊಟ್ಟು ತರಬೇಕಾದ ಸಾಮಾನು ಇದೊಂದೇ. ಫಿನಾಯಿಲು ಅದರ ವಾಸನೆಯನ್ನು ನಿಮ್ಮ ಮೂಗಿನಿಂದ ಮುಚ್ಚುತ್ತದೆ, ಮರಿಯ ಮೂಗಿನಿಂದಲ್ಲ; ಸಾಲದ್ದಕ್ಕೆ ಪಾದಕ್ಕೆ ಅಂಟಿದ್ದನ್ನು ಮರಿ ನೆಕ್ಕುತ್ತದೆ. ಕಾವಿ ನೆಲಕ್ಕೂ ಮಾರ್ಬಲಿಗೂ ವಿನೆಗರ್ ಬೇಡ, ಹೊಳಪು ಹೋಗುತ್ತದೆ. ಮಳೆಗಾಲದಲ್ಲಿ ನೆಲ ತಾನಾಗಿ ಒಣಗುವುದಿಲ್ಲ, ಅರ್ಧ ಗಂಟೆ ಫ್ಯಾನು ಹಾಕಿಡಿ.

ರಾತ್ರಿಯ ಗಲೀಜಿಗೆ ಮುಕ್ಕಾಲು ಪಾಲು ಕಾರಣ ಗಂಜಿ. ಒಂಬತ್ತು ಗಂಟೆಗೆ ತಿಳಿಸಮೇತ ಕುಚ್ಚಲಕ್ಕಿ ಗಂಜಿ ಹೊಯ್ದು, ಎರಡು ಗಂಟೆಗೆ ಎದ್ದು ಮರಿಯನ್ನು ಬೈದರೆ ಹೇಗೆ? ಏಳು ಗಂಟೆಗೆ ಗಟ್ಟಿ ಊಟ ಮುಗಿಸಿ. ಮಲಗುವ ಮುನ್ನ ಒಮ್ಮೆ, ನಡುರಾತ್ರಿ ಎರಡೂವರೆಗೆ ಒಮ್ಮೆ, ಐದೂವರೆಗೆ ಒಮ್ಮೆ ಹೊರಗೆ. ದೀಪ ಹಾಕಬೇಡಿ, ಮುದ್ದು ಮಾಡಬೇಡಿ, ಆಟವೆಂದುಕೊಳ್ಳುತ್ತದೆ. ಮಲಗುವ ಜಾಗ ಅದು ತಿರುಗಿ ಮಲಗುವಷ್ಟೇ ಇರಲಿ, ಮಲಗುವಲ್ಲಿ ಗಲೀಜು ಮಾಡಲು ಮರಿ ಹಿಂಜರಿಯುತ್ತದೆ. ಮಲ್ಪೆಯಿಂದ ತಂದ ಮೀನಿನ ಕ್ರೇಟಿನಲ್ಲಿ ನಾನು ಒಂದನ್ನು ಮಲಗಿಸಿದ್ದೆ. ಎಷ್ಟು ತೊಳೆದರೂ ರಾತ್ರಿಯೆಲ್ಲ ಬೆಕ್ಕುಗಳ ಕಾವಲು. ನಾಲ್ಕು ತಿಂಗಳಾಗುವಾಗ ನಡುರಾತ್ರಿಯ ಸರದಿ ಹೆಚ್ಚಾಗಿ ತಾನಾಗಿಯೇ ಬಿಟ್ಟುಹೋಗುತ್ತದೆ. ಚೆನ್ನಾಗಿ ಕಲಿತ ಮರಿ ಒಮ್ಮೆಲೇ ಗಳಿಗೆಗೊಂದು ಸಲ ಚೂರುಚೂರು ಹೊಯ್ಯತೊಡಗಿದರೆ ಅದು ಮೂತ್ರದ ಸೋಂಕು ಇರಬಹುದು, ಪಶುವೈದ್ಯರಿಗೆ ತೋರಿಸಿ.

ನಾಲ್ಕು ವಾರ ಒಂದೂ ತಪ್ಪಾಗದಿದ್ದರೆ ಒಂದೊಂದೇ ಕೋಣೆಯ ಬಾಗಿಲು ತೆರೆಯಿರಿ, ದೇವರ ಕೋಣೆಯದು ಎಲ್ಲದಕ್ಕಿಂತ ಕೊನೆಗೆ. ಮಳೆ ಕಡಿಮೆಯಾದ ಮೇಲೆ ತಟ್ಟೆಯನ್ನು ದಿನಕ್ಕೆ ಒಂದಡಿಯಂತೆ ಅಂಗಳದತ್ತ ಸರಿಸುತ್ತಾ ಹೋಗಿ, ಕೊನೆಗೆ ಅದರ ಮಣ್ಣನ್ನು ತೆಂಗಿನ ಬುಡಕ್ಕೆ ಸುರಿದುಬಿಡಿ. ಬಾಗಿಲ ಗೋಣಿಚೀಲ ಮಾತ್ರ ಮುಂದಿನ ಮಳೆಗಾಲದವರೆಗೂ ಅಟ್ಟದಲ್ಲೇ ಇರಲಿ.