ಒಂಬತ್ತು ತಿಂಗಳಿಗೊಂದು ಓಮ್ನಿ: ಮಲೆನಾಡಿನಲ್ಲಿ ಹಳೇ ಗಾಡಿ ಆರಿಸುವುದು

2023ರ ಜೂನ್‌ನಲ್ಲಿ ಅಪ್ಪನಿಗೆ ಮಂಡಿ ಆಪರೇಷನ್ ಆಯಿತು. ಅಡಿಕೆ ತೋಟ ನೋಡಿಕೊಳ್ಳಲು ನಾನು ಬೆಂಗಳೂರಿನಿಂದ ಊರಿಗೆ ಬಂದೆ. ನಮ್ಮನೆ ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ದಾರಿಯಲ್ಲಿ, ಟಾರು ರಸ್ತೆ ಬಿಟ್ಟು ನಾಲ್ಕು ಕಿಲೋಮೀಟರ್ ಒಳಗೆ. ಬಸ್ಸು ದಿನಕ್ಕೆ ಎರಡು ಸಲ. ಅಪ್ಪನನ್ನು ವಾರಕ್ಕೆರಡು ದಿನ ಫಿಸಿಯೋಥೆರಪಿಗೆ ಕರೆದುಕೊಂಡು ಹೋಗಬೇಕು, ಗೊಬ್ಬರ ತರಬೇಕು, ಕೊಯ್ಲು ಶುರುವಾದರೆ ಅಡಿಕೆ ಕೊನೆ (ಗೊನೆ) ತೆಗೆಯುವವರನ್ನು ಬೆಳಿಗ್ಗೆ ಕರೆತಂದು ಸಂಜೆ ಬಿಟ್ಟುಬರಬೇಕು. ಮಾರ್ಚ್ ಮುಗಿದರೆ ನಾನು ವಾಪಸ್. ಒಂಬತ್ತು ತಿಂಗಳಿಗೆ ಹೊಸ ಕಾರು ಯಾರು ತಗೋತಾರೆ?

ಮೊದಲು ಲೆಕ್ಕ ಹೇಳಿಬಿಡುತ್ತೇನೆ. 2011ರ ಮಾರುತಿ ಓಮ್ನಿ, 1,18,000 ರೂಪಾಯಿಗೆ ಬಂತು. ಹಿಂದಿನ ಎರಡು ಟೈರ್, ಬ್ಯಾಟರಿ, ಬ್ರೇಕ್ ಶೂ, ಆಯಿಲ್, ಸಣ್ಣಪುಟ್ಟದ್ದು ಸೇರಿ 14,600. ಹೆಸರು ಬದಲಾವಣೆಗೆ 3,500, ಇನ್ಶೂರೆನ್ಸ್ ಹತ್ತಿರಹತ್ತಿರ 3,000. ಮಾರಿದ್ದು 1,12,000ಕ್ಕೆ. ಕೈಬಿಟ್ಟಿದ್ದು 27,100. ತಿಂಗಳಿಗೆ ಮೂರು ಸಾವಿರದ ಬಾಡಿಗೆ ಅಂದುಕೊಳ್ಳಿ. ಕಡಿಮೆ ದಿನಕ್ಕೆ ಗಾಡಿ ತಗೊಳ್ಳುವವರು ನೋಡಬೇಕಾದ್ದು ಈ ಕೊನೆಯ ಅಂಕಿಯನ್ನು. ಅರವತ್ತು ಸಾವಿರಕ್ಕೆ ಸಿಗುವ ಗಾಡಿಯನ್ನು ಯಾರೂ ವಾಪಸ್ ಕೊಳ್ಳದಿದ್ದರೆ ಅದೇ ದುಬಾರಿ.

ಹಾಗಾಗಿ ಮೊದಲ ಕೆಲಸ: ನಿಮ್ಮೂರಿನ ಗ್ಯಾರೇಜಿಗೆ ಹೋಗಿ. ಗಾಡಿ ನೋಡುವುದು ಆಮೇಲೆ. ಅಲ್ಲಿ ಯಾವ ಗಾಡಿಗಳು ನಿಂತಿವೆ, ಯಾವುದರ ಸಾಮಾನು ಕಪಾಟಿನಲ್ಲೇ ಇದೆ ಅಂತ ನೋಡಿ. ನಮ್ಮ ಗ್ಯಾರೇಜಿನ ಅಣ್ಣ ಕೇಳಿದ್ದು ಒಂದೇ ಪ್ರಶ್ನೆ: "ಅರ್ಧ ದಾರೀಲಿ ನಿಂತ್ರೆ ನನಗೆ ಫೋನ್ ಮಾಡ್ತೀರಾ, ಶಿವಮೊಗ್ಗಕ್ಕೆ ಮಾಡ್ತೀರಾ?" ಅವರಿಗೇ ಅಂದೆ. "ಹಾಗಾದ್ರೆ ಓಮ್ನಿ, ಇಲ್ಲಾ ಆಲ್ಟೊ. ಬೇರೆ ತಂದ್ರೆ ನನ್ನ ಬೈಬೇಡಿ ಮಾರಾಯ್ರೆ." ಓಮ್ನಿ ತಯಾರಿಕೆ 2019ರಲ್ಲೇ ನಿಂತಿದೆ. ಆದರೆ 796 ಸಿಸಿಯ ಆ ಮೂರು ಸಿಲಿಂಡರ್ ಎಂಜಿನ್ ಮಾರುತಿ 800ರದ್ದೇ ಬಳಗ. ಕಣ್ಣು ಮುಚ್ಚಿ ಬಿಚ್ಚುವವರು ಪ್ರತಿ ಊರಿನಲ್ಲೂ ಇದ್ದಾರೆ.

"ಮಲೆನಾಡಿಗೆ ಜೀಪೇ ಸರಿ" ಅನ್ನುವವರು ನಿಮಗೂ ಸಿಗುತ್ತಾರೆ. ನಮ್ಮ ಚಿಕ್ಕಪ್ಪನೂ ಅದನ್ನೇ ಹೇಳಿದರು. ವರ್ಷಾನುಗಟ್ಟಲೆ ಇಟ್ಟುಕೊಂಡು ಸಾಕುವುದಾದರೆ ಜೀಪ್ ಸರಿ. ಅಗ್ಗಕ್ಕೆ ಸಿಗುವ ಹಳೇ ಜೀಪಿನಲ್ಲಿ ಸ್ಟೀರಿಂಗ್ ಅರ್ಧ ಸುತ್ತು ಸುಮ್ನೆ ತಿರುಗುತ್ತದೆ, ಆರ್‌ಸಿ ಅವಧಿ ಮುಗಿದಿರುತ್ತದೆ. ಒಂಬತ್ತು ತಿಂಗಳು ಅದನ್ನು ರಿಪೇರಿ ಮಾಡಿಸುವುದರಲ್ಲೇ ಹೋಗುತ್ತದೆ.

ಯಾವಾಗ ಕೊಳ್ಳಬೇಕು? ನಾನು ಆಷಾಢದಲ್ಲಿ ಕೊಂಡೆ, ಬೇಕಂತಲೇ. "ಆಷಾಢದಲ್ಲಿ ಯಾರಾದ್ರೂ ಗಾಡಿ ತರ್ತಾರೇನೇ?" ಅಂತ ಅಮ್ಮ ಎರಡು ದಿನ ಮಾತು ಬಿಟ್ಟರು. ಯಾರೂ ತರುವುದಿಲ್ಲ ಅನ್ನುವುದೇ ಅನುಕೂಲ. ಮಾರುವವರು ಫೋನ್ ಬಂದರೆ ಸಾಕು ಅಂತ ಕಾಯುತ್ತಿರುತ್ತಾರೆ. ಆ ವರ್ಷ ಜೂನ್‌ನಲ್ಲಿ ಮಳೆ ಕೈಕೊಟ್ಟು ಜುಲೈನಲ್ಲಿ ಹಿಡಿಯಿತು. ಮಳೆಯಲ್ಲಿ ನೋಡಿದರೆ ಇನ್ನೊಂದು ಲಾಭ: ಎಲ್ಲಿ ಸೋರುತ್ತದೆ ಅಂತ ಗಾಡಿಯೇ ಹೇಳುತ್ತದೆ. ಬೇಸಿಗೆಯಲ್ಲಾದರೆ ಒಂದು ಕೊಡ ನೀರು ಕೇಳಿ ಗಾಜಿನ ಮೇಲೆ ಹೊಯ್ದು ನೋಡಬೇಕು.

ಇನ್ನು ನಾನು ಮೋಸ ಹೋದ ಕತೆ. ಶಿವಮೊಗ್ಗದ ಒಬ್ಬ ಡೀಲರ್ ಹತ್ತಿರ ಬಿಳಿ ಓಮ್ನಿ ನೋಡಿದೆ. ಫಳಫಳ ಹೊಳೆಯುತ್ತಿತ್ತು. ತಮ್ಮನನ್ನು ಜೊತೆಗೆ ಕರೆದುಕೊಂಡು ಹೋಗಿದ್ದೆ. ಡೀಲರ್ ಮಾತೆಲ್ಲಾ ಅವನ ಹತ್ತಿರ. ಪಾಪ, ಅವನಿಗೆ ಸ್ಕೂಟರ್ ಬಿಟ್ಟರೆ ಬೇರೆ ಬರುವುದಿಲ್ಲ. ತಲೆ ಆಡಿಸಿದ. ನಾನೂ 5,000 ಅಡ್ವಾನ್ಸ್ ಕೊಟ್ಟೆ. ಮಾರನೇ ದಿನ ಗ್ಯಾರೇಜಿನ ಅಣ್ಣನನ್ನು ಕರೆದುಕೊಂಡು ಹೋದೆ. ಅವರು ಎಂಜಿನ್ ಮುಟ್ಟಲೇ ಇಲ್ಲ. ನೇರ ಹಿಂದಿನ ಬಾಗಿಲು ಎತ್ತಿ ರಬ್ಬರ್ ಮ್ಯಾಟ್ ಮಗುಚಿದರು. ತಗಡಿನ ಜೋಡಣೆಯ ಸಂದಿನಲ್ಲಿ ತೆಳುವಾಗಿ ಒಂದು ನೀಲಿ ಗೆರೆ. "ಮೈಲುತುತ್ತ" ಅಂದರು. ಕಾಪರ್ ಸಲ್ಫೇಟ್.

ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವವರಿಗೆ ಇದು ಹೇಳಬೇಕಾಗಿಲ್ಲ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಸುಣ್ಣ ಬೆರೆಸುವ ಮೊದಲಿನ ಮೈಲುತುತ್ತದ ನೀರು ಕಬ್ಬಿಣವನ್ನು ತಿನ್ನುತ್ತದೆ. ಅದಕ್ಕೇ ಅದನ್ನು ಕಬ್ಬಿಣದ ಪಾತ್ರೆಯಲ್ಲಿ ಕರಗಿಸುವುದಿಲ್ಲ. ಔಷಧಿ ಸರಿಯಾಗಿ ಬೆರೆತಿದೆಯಾ ಅಂತ ನೋಡಲು ಹಳಬರು ಕತ್ತಿಯ ತುದಿ ಅದ್ದುತ್ತಾರಲ್ಲ, ಕತ್ತಿಗೆ ಕೆಂಪು ತಾಮ್ರ ಹತ್ತಿದರೆ ಇನ್ನೂ ಸುಣ್ಣ ಬೇಕು ಅಂತ. ಅದೇ ಕೆಲಸ ಗಾಡಿಯ ತಗಡಿನ ಮೇಲೂ ನಡೆದಿತ್ತು. ಡ್ರಮ್ ತುಳುಕಿ ತುಳುಕಿ ಮ್ಯಾಟಿನ ಅಡಿಯಲ್ಲಿ ನಿಂತಿದೆ. ಅಣ್ಣ ಸ್ಕ್ರೂಡ್ರೈವರ್ ತುದಿಯಿಂದ ಮೆಲ್ಲಗೆ ಒತ್ತಿದರು. ಹಪ್ಪಳದ ಹಾಗೆ ಒಳಗೆ ಹೋಯಿತು. ಕೆಳಗೆ ಬಗ್ಗಿ ನೋಡಿದರೆ ಹೊಸದಾಗಿ ಕಪ್ಪು ಕೋಟಿಂಗ್ ಹೊಡೆದಿದ್ದಾರೆ, ಇನ್ನೂ ವಾಸನೆ ಇದೆ. ಅಡ್ವಾನ್ಸ್ ವಾಪಸ್ ಬರಲಿಲ್ಲ. ಮೇಲಿನ ಲೆಕ್ಕಕ್ಕೆ ಆ ಐದು ಸಾವಿರ ಸೇರಿಸಿಲ್ಲ. ಅದು ನನ್ನ ಫೀಸು.

ಮ್ಯಾಟಿನ ಅಡಿಯಲ್ಲಿ ಕಂದುಗೆಂಪು ಕಲೆ ಇದ್ದರೆ ಹೆದರಬೇಡಿ. ಅದು ಚೊಗರು, ಅಡಿಕೆ ಬೇಯಿಸಿದ ನೀರು. ತೊಳೆದರೂ ಹೋಗುವುದಿಲ್ಲ, ಅಷ್ಟೇ. ಕರಾವಳಿಯಲ್ಲಿ ಓಡಿದ ಗಾಡಿಯಾದರೆ ಮಾತ್ರ ಇನ್ನೊಂದು ಸಲ ಬಗ್ಗಿ ನೋಡಿ. ಶಿವಮೊಗ್ಗ, ಸಾಗರದ ಕೆಎ-14, ಕೆಎ-15ರ ನಡುವೆ ಉಡುಪಿಯ ಕೆಎ-20 ಅಗ್ಗಕ್ಕೆ ಬಂದರೆ ಉಪ್ಪುಗಾಳಿಯ ತುಕ್ಕು ಇರಬಹುದು. ಬಾಗಿಲ ಕೆಳಗಿನ ರನ್ನಿಂಗ್ ಬೋರ್ಡ್‌ಗೆ ಬಟ್ಟೆ ಸುತ್ತಿದ ಅಯಸ್ಕಾಂತ ಹಿಡಿದು ಎಳೆಯಿರಿ. ಹಿಡಿಯದಿದ್ದರೆ ಅಲ್ಲಿರುವುದು ತಗಡಲ್ಲ, ಪುಟ್ಟಿ. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದು ನೋಡಿ. ಕೊನೆಯ ಒಂದು ಅಡಿಯಲ್ಲಿ ಕೆಸರಿನ ಗೆರೆ ಇದ್ದರೆ ಗಾಡಿ ನೆರೆಯಲ್ಲಿ ಮುಳುಗೆದ್ದು ಬಂದಿದೆ. ಸೀಟು ತೊಳೆಯುವವರು ಬೆಲ್ಟಿನ ತುದಿ ಮರೆಯುತ್ತಾರೆ.

ಎಂಜಿನ್ ನೋಡಲು ಹೇಳಿದ ಹೊತ್ತಿಗಿಂತ ಅರ್ಧ ಗಂಟೆ ಮೊದಲೇ ಹೋಗಿ. ಓಮ್ನಿಯಲ್ಲಿ ಎಂಜಿನ್ ಇರುವುದು ಮುಂದಿನ ಸೀಟಿನ ಅಡಿಯಲ್ಲಿ. ಸೀಟು ಎತ್ತಿ, ಮುಟ್ಟದೆ ಹತ್ತಿರ ಕೈ ಹಿಡಿಯಿರಿ. ಬಿಸಿ ತಾಗಿದರೆ ಈಗಷ್ಟೇ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ ಅಂತ. ತಣ್ಣಗಿರುವಾಗಲೇ ಸ್ಟಾರ್ಟ್ ಆಗಬೇಕು. ಆಯಿಲ್ ಮುಚ್ಚಳದ ಒಳಮೈಯಲ್ಲಿ ಮಜ್ಜಿಗೆಯಂಥ ನೊರೆ ಜಾಸ್ತಿ ಇದ್ದರೆ ನೀರು ಸೇರಿದೆ. ಅಂಥದ್ದು ಬೇಡ.

ಓಡಿಸಿ ನೋಡಲು ಊರ ಪೇಟೆಯ ರಸ್ತೆ ಸಾಲದು. ಏರು ಹುಡುಕಿ. ನಡು ಏರಿನಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು ಕಾಲು ತೆಗೆಯಿರಿ. ಹಿಂದೆ ಜಾರಬಾರದು. ಅಲ್ಲಿಂದಲೇ ಹೊರಡಿಸಿ. ಎಂಜಿನ್ ಕೂಗುತ್ತದೆ, ಗಾಡಿ ಹೋಗುವುದಿಲ್ಲ ಅಂದರೆ ಕ್ಲಚ್ ಮುಗಿದಿದೆ. ಆಮೇಲೆ ಇಳಿಜಾರು. ಗೇರಿನಲ್ಲೇ, ಆಕ್ಸಿಲರೇಟರ್ ಬಿಟ್ಟು ಪೂರ್ತಿ ಇಳಿಯಿರಿ. ಕೆಳಗೆ ಬಂದ ಕೂಡಲೇ ಜೋರಾಗಿ ಒತ್ತಿ ಕನ್ನಡಿ ನೋಡಿ. ನೀಲಿ ಹೊಗೆ ಬುಸ್ ಅಂತ ಬಂದರೆ ಎಂಜಿನ್ ಆಯಿಲ್ ಕುಡಿಯುತ್ತಿದೆ. ಸಮತಟ್ಟಿನಲ್ಲಿ ಓಡಿಸಿದವರಿಗೆ ಇದು ಕಾಣುವುದೇ ಇಲ್ಲ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂತಿದ್ದರೆ 2019ರ 23ನೇ ವಾರದ್ದು. ಹಲ್ಲು ಚೆನ್ನಾಗಿದ್ದರೂ ಹಳೇ ರಬ್ಬರ್ ಮಳೆಯಲ್ಲಿ ಹಿಡಿಯುವುದಿಲ್ಲ. ಕಿಲೋಮೀಟರ್ ಅಂಕಿಯನ್ನು ನಾನಂತೂ ನೋಡುವುದಿಲ್ಲ. ಬ್ರೇಕ್ ಪೆಡಲ್ ರಬ್ಬರ್ ಸವೆದದ್ದನ್ನು ನೋಡುತ್ತೇನೆ.

ಒಬ್ಬರೇ ಓಡಾಡುವವರಿಗೆ ಕಾರು ಯಾಕೆ? ಕಾರ್ಬೊರೇಟರ್ ಇರುವ ಹಳೇ ಸ್ಪ್ಲೆಂಡರ್ ಸಾಕು. ಚೈನ್ ಸ್ಪ್ರಾಕೆಟ್ಟಿನ ಹಲ್ಲು ಒಂದೇ ಕಡೆ ಬಾಗಿದೆಯಾ, ಮುಂದಿನ ಫೋರ್ಕಿನಲ್ಲಿ ಆಯಿಲ್ ಜಿನುಗುತ್ತಿದೆಯಾ ನೋಡಿ. ಗೇರು ಬೇಡ ಅನ್ನುವವರಿಗೆ ಟಿವಿಎಸ್ ಎಕ್ಸೆಲ್. ಹತ್ತು ಇಂಚಿನ ಚಕ್ರದ ಸ್ಕೂಟರ್ ಮಾತ್ರ ಜಂಬಿಟ್ಟಿಗೆ ಮಣ್ಣಿನ ಕೆಸರಿಗೆ ಆಗುವುದಿಲ್ಲ. ತಮ್ಮ ಎರಡು ಸಲ ಬಿದ್ದಿದ್ದಾನೆ.

ಕಾಗದಪತ್ರ. ಎಂ-ಪರಿವಾಹನ್ ಆಪ್‌ನಲ್ಲಿ ನಂಬರ್ ಹಾಕಿದರೆ ಆರ್‌ಸಿ, ಇನ್ಶೂರೆನ್ಸ್ ಅವಧಿ ಕಾಣುತ್ತದೆ. ಆರ್‌ಸಿಯಲ್ಲಿ ಸಾಲ ಕೊಟ್ಟವರ ಹೆಸರು ಇನ್ನೂ ಇದ್ದರೆ ಸಾಲ ತೀರಿದೆ ಅನ್ನುವ ಫಾರಂ 35 ಆಗುವವರೆಗೆ ದುಡ್ಡು ಕೊಡಬೇಡಿ. ಸ್ವಂತ ಬಳಕೆಯ ಗಾಡಿಯ ನೋಂದಣಿ 15 ವರ್ಷಕ್ಕೆ. ಆಮೇಲೆ ನವೀಕರಿಸಬೇಕು. ಕಾರಿನ ಆ ಫೀಸು 2022ರ ಏಪ್ರಿಲ್‌ನಲ್ಲಿ 600ರಿಂದ 5,000ಕ್ಕೆ ಹೋಯಿತು. ಅದಕ್ಕೇ ನಾನು 2011ರ ಗಾಡಿ ಹುಡುಕಿದ್ದು. ನಾನು ಮಾರುವಾಗಲೂ ಎರಡು ವರ್ಷ ಉಳಿದಿರುತ್ತದೆ, ಅಲ್ವಾ? ಬೇರೆ ರಾಜ್ಯದ ನಂಬರ್ ಅಗ್ಗ ಅಂತ ತರಬೇಡಿ. ಆ ರಾಜ್ಯದ ಎನ್‌ಒಸಿ (ನಿರಾಕ್ಷೇಪಣಾ ಪತ್ರ), ತೆರಿಗೆ ಅಂತ ಓಡಾಡುವಷ್ಟರಲ್ಲಿ ಅಡಿಕೆ ಕೊಯ್ಲೇ ಮುಗಿದಿರುತ್ತದೆ.

"ಒಂಬತ್ತು ತಿಂಗಳಿಗೆ ಹೆಸರು ಯಾಕೆ ಬದಲಾಯಿಸ್ತೀರಿ, ಸಹಿ ಹಾಕಿದ ಫಾರಂ ಇಟ್ಕೊಳ್ಳಿ" ಅಂತ ಎಲ್ಲರೂ ಹೇಳುತ್ತಾರೆ. ಕೇಳಬೇಡಿ. ಹೆಸರು ಬದಲಾವಣೆಯ ಫಾರಂ 29, 30 ತುಂಬಿ, 14 ದಿನದೊಳಗೆ ಮಾರಿದವರು, 30 ದಿನದೊಳಗೆ ಕೊಂಡವರು ಆರ್‌ಟಿಒಗೆ ತಿಳಿಸಬೇಕು ಅಂತ ಕಾನೂನು. ಇನ್ಶೂರೆನ್ಸ್ ಪಾಲಿಸಿಯಲ್ಲೂ 14 ದಿನದೊಳಗೆ ಹೆಸರು ಬದಲಿಸಲು ಅರ್ಜಿ ಕೊಡಬೇಕು. ಗಾಡಿ ಕೈ ಬದಲಾಗಿದ್ದರೂ, ಅಪಘಾತವಾದರೆ ಪರಿಹಾರದ ಹೊಣೆ ಆರ್‌ಸಿಯಲ್ಲಿ ಹೆಸರಿರುವವರದ್ದೇ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮಾರುವಾಗ ನೀವೇ ಆ ಜಾಗದಲ್ಲಿರುತ್ತೀರಿ.

ನನಗೆ ಕೊನೆಗೆ ಸಿಕ್ಕಿದ್ದು ತೀರ್ಥಹಳ್ಳಿಯ ಒಬ್ಬ ನಿವೃತ್ತ ಮೇಷ್ಟ್ರ ಗಾಡಿ. ಬಂಪರ್ ಸೊಟ್ಟ, ಬಣ್ಣ ಮಾಸಿದೆ, ಒಳಗೆ ಪ್ರತಿ ಆಯಿಲ್ ಚೇಂಜಿನ ಚೀಟಿ ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿದ್ದಾರೆ. ಓಮ್ನಿಗೆ ಹಿಂದಿನ ಚಕ್ರದ ಎಳೆತ. ಖಾಲಿ ಇದ್ದರೆ ಕೆಸರಿನ ಏರಿನಲ್ಲಿ ನಿಂತಲ್ಲೇ ತಿರುಗುತ್ತದೆ. ಹಿಂದೆ ಎರಡು ಮರಳಿನ ಚೀಲ ಹಾಕಿಕೊಂಡೇ ಮಳೆಗಾಲ ದಾಟಿಸಿದೆ. ಮುಂದೆ ಮೂತಿಯೇ ಇಲ್ಲದ ಗಾಡಿ ಅದು. ಗುದ್ದಿದರೆ ಮೊದಲು ತಾಗುವುದು ನಮ್ಮ ಮಂಡಿ. ಹೈವೇಯಲ್ಲಿ ನಾನು ಐವತ್ತು ದಾಟಿಸಲಿಲ್ಲ. ರಾತ್ರಿ ಇಲಿ ಬಂದು ವೈರ್ ಕಡಿಯದಂತೆ ಸೀಟಿನ ಅಡಿಯ ಮುಚ್ಚಳ ತೆಗೆದಿಡುತ್ತಿದ್ದೆ. ಆದರೂ ಒಂದು ಸಲ ಹಾರ್ನ್ ವೈರ್ ತಿಂದವು.

ಮಾರ್ಚ್ ಕೊನೆಗೆ, ಯುಗಾದಿಗೆ ಮುಂಚೆ ಮಾರಿದೆ. ಅಡಿಕೆ ದುಡ್ಡು ಕೈಯಲ್ಲಿರುವ ಹೊತ್ತು ಅದು. ಮೂರನೇ ದಿನಕ್ಕೇ ಗಿರಾಕಿ ಬಂದರು. ಬಂದವರು ಮೊದಲು ಹಿಂದಿನ ಬಾಗಿಲು ಎತ್ತಿ ಮ್ಯಾಟ್ ಮಗುಚಿದರು. ನಾನೇ ಒಳಗಿಂದ ಟಾರ್ಚ್ ತಂದುಕೊಟ್ಟೆ. ಡೆಲಿವರಿ ನೋಟ್‌ನಲ್ಲಿ ತಾರೀಖಿನ ಜೊತೆ ಹೊತ್ತೂ ಬರೆಸಿ ಇಬ್ಬರೂ ಸಹಿ ಹಾಕಿದೆವು, ಬೆಳಿಗ್ಗೆ 11:20. ಆಪ್‌ನಲ್ಲಿ ಅವರ ಹೆಸರು ಕಾಣಿಸಿದ್ದು ಹದಿನೆಂಟನೇ ದಿನ. ಅಲ್ಲಿಯವರೆಗೆ ದಿನಾ ರಾತ್ರಿ ನೋಡುತ್ತಿದ್ದೆ.