ಹೆಸರಿಲ್ಲದ ಅಜ್ಜಿಯ ತವರನ್ನು ಕಂಡುಕೊಂಡ ಬಗೆ

ನಮ್ಮ ವಂಶವೃಕ್ಷದಲ್ಲಿ ಏಳು ತಲೆಮಾರಿನ ಗಂಡಸರ ಹೆಸರುಗಳಿದ್ದರೂ, ಧಾತು ಸಂವತ್ಸರದಲ್ಲಿ ಸೊಸೆಯಾಗಿ ಬಂದರೆಂದು ಹಿರಿಯರು ಹೇಳುತ್ತಿದ್ದ ನನ್ನ ಮುತ್ತಜ್ಜನ ತಾಯಿಯ ಹೆಸರು ಮಾತ್ರ ಇರಲಿಲ್ಲ. ಮೊದಲ ತಪ್ಪು ನನ್ನದೇ. ಸಂವತ್ಸರಗಳು ಅರವತ್ತು ವರ್ಷಕ್ಕೊಮ್ಮೆ ಮರಳುವುದನ್ನು ಮರೆತು, 1816ರ ಧಾತುವನ್ನು ಹಿಡಿದು ಎರಡು ಬೇಸಿಗೆಗಳನ್ನು ಕಳೆದೆ. ಮದುವೆಯ ವರ್ಷವೇ ಮಳೆ ಹೋಗಿ ಕೊಟ್ಟಿಗೆ ಬರಿದಾಯಿತೆಂಬ ಮನೆಮಾತು ನೆನಪಾದಾಗ, ಅದು ಮೈಸೂರು ಸೀಮೆಯನ್ನು 1876ರಿಂದ 1878ರವರೆಗೆ ಕಾಡಿದ ಧಾತು-ಈಶ್ವರ ಬರವೇ ಎಂಬುದು ಸ್ಪಷ್ಟವಾಯಿತು.

ಕುಲದ ವಂಶಾವಳಿಯನ್ನು ಬರೆದಿಟ್ಟುಕೊಂಡು, ಹಿಂದೆ ಎತ್ತನ್ನೇರಿ ಊರೂರಿಗೆ ಬರುತ್ತಿದ್ದ ಹೆಳವರ ಪೈಕಿ ನಮ್ಮ ಮನೆತನದ ವಂಶಾವಳಿ ಬರೆಯುವವರ ಪುಸ್ತಕದಲ್ಲಿ ಆಕೆಯ ತವರೂರು ಮಾತ್ರ ಇತ್ತು. ಹಾಗಾಗಿ ತವರಿನ ಬೆಡಗಿನ, ಅಂದರೆ ಕುಲದೊಳಗಿನ ಆ ಪಂಗಡದ, ಹೆಳವರನ್ನು ಹುಡುಕಿ ಕೇಳಿದೆ. ಅವರ ಪುಸ್ತಕದಲ್ಲಿ ತಂದೆಯ ಹೆಸರಿನ ಕೆಳಗೆ ಮೂವರು ಹೆಣ್ಣುಮಕ್ಕಳ ಹೆಸರುಗಳೂ, ನಡುವಿನವಳನ್ನು ನಮ್ಮೂರಿಗೆ ಕೊಟ್ಟ ವಿವರವೂ ಇದ್ದವು.

ಆದರೆ ಉಪನೋಂದಣಾಧಿಕಾರಿ ಕಚೇರಿಯಿಂದ ಪಡೆದ ಹಳೆಯ ವಿಭಾಗಪತ್ರದ ನಕಲಿನಲ್ಲಿ, ‘ಇಂಥವರ ಹೆಂಡತಿ’ ಎಂಬ ಅರ್ಥದಲ್ಲಿ ಗಂಡನ ಹೆಸರಿಗೆ ಮೊದಲು ಬರೆಯುವ ‘ಕೋಂ’ ಎಂಬುದರ ಮುಂಚೆ ಬೇರೆಯೇ ಹೆಸರಿತ್ತು. ಅತ್ತೆಯ ಹೆಸರೂ ಸೊಸೆಯ ಹೆಸರೂ ಒಂದೇ ಆದರೆ ಸೊಸೆಯನ್ನು ಬೇರೆ ಹೆಸರಿನಿಂದ ಕರೆಯುವ ವಾಡಿಕೆಯನ್ನು ನನ್ನ ಸೋದರತ್ತೆ ನೆನಪಿಸಿದರು. ಮುತ್ತಜ್ಜನ ತಾಯಿಯ ಅತ್ತೆಯ ಹೆಸರನ್ನು ಪತ್ರದಲ್ಲಿಯೇ ನೋಡಿದೆ. ಅದು ತವರಿನ ಪುಸ್ತಕದಲ್ಲಿದ್ದ ಹೆಸರೇ ಆಗಿತ್ತು. ಈಗ ವಂಶವೃಕ್ಷದಲ್ಲಿ ಆಕೆಯ ಎರಡೂ ಹೆಸರುಗಳನ್ನು ಬರೆದಿದ್ದೇನೆ, ತವರಿನದನ್ನು ಮೊದಲು.