ಗ್ಯಾಸ್ ಗೀಸರ್ ಅಳವಡಿಸಲು ಸುರಕ್ಷಿತ ಜಾಗದ ಆಯ್ಕೆ

ಚಿಕ್ಕಬಳ್ಳಾಪುರದ ಚಳಿಗೆ ಹೆದರಿ ಗ್ಯಾಸ್ ಗೀಸರ್ ಕೊಳ್ಳುವವರು ಬೆಲೆಗಿಂತ ಮೊದಲು ಅದನ್ನು ಇಡುವ ಜಾಗವನ್ನು ತೀರ್ಮಾನಿಸಬೇಕು. ಮುಚ್ಚಿದ ಬಚ್ಚಲುಮನೆಯಲ್ಲಿ ಗೀಸರ್ ಉರಿದಾಗ ಆಮ್ಲಜನಕ ಕಡಿಮೆಯಾಗಿ, ಅನಿಲ ಅರೆಬರೆ ಉರಿದು, ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ; ಸ್ನಾನ ಮಾಡುತ್ತಿರುವವರಿಗೆ ತಲೆಸುತ್ತು ಬಂದು, ಚಿಲಕ ತೆಗೆಯುವಷ್ಟರಲ್ಲಿ ಪ್ರಜ್ಞೆ ತಪ್ಪಬಹುದು. ಸಣ್ಣ ಕಿಟಕಿ ಇದೆಯೆಂಬ ಸಮಾಧಾನ ಸಾಲದು, ಚಳಿಯೆಂದು ಅದನ್ನೂ ಮುಚ್ಚಿಯೇ ಸ್ನಾನ ಮಾಡುತ್ತೇವೆ.

ಆದ್ದರಿಂದ ಗೀಸರನ್ನು ಬಚ್ಚಲಿನ ಹೊರಗೋಡೆಗೆ, ಹಿತ್ತಲಲ್ಲೋ ಗಾಳಿಯಾಡುವ ಬಾಲ್ಕನಿಯಲ್ಲೋ, ಮಳೆ ಎರಚದಂತೆ ಸಜ್ಜದ ಕೆಳಗೆ ಅಳವಡಿಸಿ, ಬಿಸಿನೀರಿನ ಪೈಪನ್ನು ಮಾತ್ರ ಒಳಗೆ ತರಬೇಕು. ಮಲಗುವ ಕೋಣೆಯ ಕಿಟಕಿಯ ಪಕ್ಕ ಅದು ಬೇಡ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ತಗ್ಗಿನಲ್ಲಿ ನಿಲ್ಲುತ್ತದೆ. ಹಾಗಾಗಿ ಸಿಲಿಂಡರನ್ನು ನೀರಿನ ಸಂಪು, ಚರಂಡಿ, ನೆಲಮಾಳಿಗೆಗಳಿಂದ ದೂರವಾಗಿ, ಸಮತಟ್ಟಾದ ನೆಲದ ಮೇಲೆ ನೇರವಾಗಿ ನಿಲ್ಲಿಸಬೇಕು.

ನಮ್ಮ ಕಡೆಯ ಬೋರ್‌ವೆಲ್ ನೀರು ಬಹುತೇಕ ಗಡಸು. ಬಿಂದಿಗೆಯ ಒಳಗೆ ಕಟ್ಟುವ ಬಿಳಿ ಪದರವೇ ಗೀಸರಿನ ತಾಮ್ರದ ಕೊಳವೆಯಲ್ಲೂ ಕಟ್ಟುವುದರಿಂದ, ಬಿಚ್ಚಿ ತೊಳೆಯಲು ಕೈಯಾಡುವಷ್ಟು ಜಾಗವನ್ನು ಸುತ್ತಲೂ ಬಿಡುವುದು ಒಳ್ಳೆಯದು. ಜ್ವಾಲೆ ನೀಲಿಯಾಗಿರಬೇಕು, ಹಳದಿಯಾಗಿ ಉರಿದರೆ, ಇಲ್ಲವೇ ಮೇಲಿನ ಕಿಂಡಿಯ ಬಳಿ ಮಸಿ ಕಂಡರೆ, ಮೆಕ್ಯಾನಿಕ್ ಬಂದು ಸರಿಪಡಿಸುವವರೆಗೆ ಬಳಸಬಾರದು. ಅನಿಲದ ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟದೆ ರೆಗ್ಯುಲೇಟರ್ ಮುಚ್ಚಿ, ಮನೆಯವರೆಲ್ಲ ಹೊರಬಂದ ಮೇಲೆ ಎಲ್‌ಪಿಜಿ ಸೋರಿಕೆಯ ತುರ್ತು ಸಹಾಯವಾಣಿ 1906ಕ್ಕೆ ಕರೆ ಮಾಡಬೇಕು.